ಗರುಡಾಚಾರ್‌ಪಾಳ್ಯದ ವೇಗಮೀಮಾಂಸೆ

ಬೆಂಗಳೂರಿನ ಗರುಡಾಚಾರ್‌ಪಾಳ್ಯದಿಂದ ಎಸ್.ಪಿ. ರಸ್ತೆಗೆ ದತ್ತಾಂಶ ಸಾಗಿಸಲು ಅತಿವೇಗದ ಸಾಧನ ಯಾವುದೆಂಬುದು ಈ ಮೀಮಾಂಸೆಯ ವಿಷಯ. ಸಿದ್ಧಾಂತವನ್ನು ಮೊದಲೇ ಹೇಳಿಬಿಡೋಣ: ಕೈಚೀಲ. ಇನ್ನು ಉಪಪತ್ತಿ. ಡಿಸ್ಕಿನವರು ಬೈಟಿನಲ್ಲಿ ಅಳೆಯುತ್ತಾರೆ, ನೆಟ್‌ವರ್ಕಿನವರು ಬಿಟ್ಟಿನಲ್ಲಿ. 8 ಬಿಟ್ಟಿಗೆ ಒಂದು ಬೈಟು. ಪಾವಿನಲ್ಲಿ ಅಳೆದು ಸೇರಿನ ದನಿಯಲ್ಲಿ ಕೂಗುವ ಈ ವಿದ್ಯೆ ಸಂತೆಯಷ್ಟೇ ಹಳೆಯದು. ಆದ್ದರಿಂದ ಗಿಗಾಬಿಟ್ ಈಥರ್ನೆಟ್ ಎಂಬ ಭಾರೀ ಬಿರುದನ್ನು ಸೇರಿಗೆ ಇಳಿಸಿದರೆ ಸಿಗುವುದು ಸೆಕೆಂಡಿಗೆ 125 ಮೆಗಾಬೈಟು. ಗುಜರಿ ಅಂಗಡಿಯಲ್ಲಿ ಧೂಳು ಹೊದ್ದು ಮಲಗಿರುವ, ಹಿಂದೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ ಅಲ್ಟ್ರಾ ಎಟಿಎ ಚಪ್ಪಟೆ ಕೇಬಲ್ಲಿನದು 133. ಅಂದರೆ ಪಿಂಚಣಿದಾರನೇ 8 ಮೆಗಾಬೈಟು ಮುಂದೆ.

ಪೂರ್ವಪಕ್ಷಿ ಇಲ್ಲಿ ನಗುತ್ತಾನೆ: ಚಪ್ಪಟೆ ಕೇಬಲ್ಲಿನ ಉದ್ದ ಹೆಚ್ಚೆಂದರೆ 46 ಸೆಂಟಿಮೀಟರು, ಲ್ಯಾನ್ ಕೇಬಲ್ಲು 100 ಮೀಟರು ಓಡುತ್ತದೆ, ನಿನ್ನ ಪಿಂಚಣಿದಾರ ಜಗಲಿ ಇಳಿಯಲಾರ. ನಿಜ. ಆ ಕೇಬಲ್ಲಿನಲ್ಲಿರುವ 80 ತಂತಿಗಳಲ್ಲಿ 40ರ ಉದ್ಯೋಗ ಅಕ್ಕಪಕ್ಕದವರ ಮಾತು ಒಂದಕ್ಕೊಂದು ಬೆರೆಯದಂತೆ ನಡುವೆ ಸುಮ್ಮನೆ ಕೂರುವುದು (ಇಂಥ ಹುದ್ದೆಗಳು ನಮ್ಮ ಕಚೇರಿಗಳಿಗೂ ಅಪರಿಚಿತವಲ್ಲ). ಮೇಲಾಗಿ, ಕಾಲುವೆ ಅಗಲವಿದ್ದ ಮಾತ್ರಕ್ಕೆ ಕೆರೆ ತುಂಬಿರಬೇಕೆಂದಿಲ್ಲ: ಕೇಬಲ್ಲು 133 ಹೊರುವುದಾದರೂ ಒಳಗೆ ತಿರುಗುವ ತಟ್ಟೆಯಿಂದ ಅಷ್ಟು ಹರಿಯುವುದಿಲ್ಲ. 60 ಎಂದೇ ಇಟ್ಟುಕೊಳ್ಳೋಣ. ಪೂರ್ವಪಕ್ಷಿಗೆ ಇಷ್ಟು ಬಿಟ್ಟುಕೊಟ್ಟರೂ ಸಿದ್ಧಾಂತ ಅಲುಗುವುದಿಲ್ಲ. ಕೇಬಲ್ಲು ಜಗಲಿ ಇಳಿಯದಿದ್ದರೇನು, ಡಿಸ್ಕು ಮೆಟ್ರೋ ಹತ್ತುತ್ತದೆ. ತಲಾ 500 ಗಿಗಾಬೈಟಿನ 8 ಹಳೆಯ ಡಿಸ್ಕುಗಳು ಒಂದು ಚೀಲದಲ್ಲಿ ಹಿಡಿಸುತ್ತವೆ. ಒಟ್ಟು 4 ಟೆರಾಬೈಟು. ಒಂದೊಂದಕ್ಕೂ ಒಂದೊಂದು ಕೇಬಲ್ಲು ಸಿಕ್ಕಿಸಿ ಏಕಕಾಲಕ್ಕೆ ತುಂಬಲು 2 ಗಂಟೆ 19 ನಿಮಿಷ, ಆ ತುದಿಯಲ್ಲಿ ಬರಿದು ಮಾಡಲು ಮತ್ತಷ್ಟೇ, ನಡುವೆ ಪ್ರಯಾಣಕ್ಕೆ ಉದಾರವಾಗಿ ಒಂದು ಗಂಟೆ. ಒಟ್ಟು 5 ಗಂಟೆ 38 ನಿಮಿಷ. ಅದೇ ಹೊರೆಯನ್ನು ಗಿಗಾಬಿಟ್ ತಂತಿ ಎಲ್ಲೂ ಎಡವದೆ ಸಾಗಿಸಿದರೂ 8 ಗಂಟೆ 53 ನಿಮಿಷ.

ಸ್ಥಳನಾಮವೂ ಇದಕ್ಕೆ ಸಾಕ್ಷಿ. ಗರುಡಾಚಾರ್ ಎಂಬುದು ಯಾರೋ ಒಬ್ಬ ಆಚಾರ್ಯರ ಹೆಸರಷ್ಟೇ ಎಂಬ ವಾದ ತೀರಾ ಸರಳವಾದ್ದರಿಂದ ವಿದ್ವತ್ತಿಗೆ ಒಪ್ಪತಕ್ಕದ್ದಲ್ಲ. ಅಮೃತಕಲಶವೆಂಬ ಹೊರೆಯನ್ನು ತಂತಿಯ ಹಂಗಿಲ್ಲದೆ ಮುಟ್ಟಿಸಿದವನು ಗರುಡ. ಹಕ್ಕಿಯ ಮೂಲಕ ಇಂಟರ್‌ನೆಟ್ ಪ್ಯಾಕೆಟ್ ರವಾನಿಸುವ ವಿಧಿಯನ್ನು ಆರ್‌ಎಫ್‌ಸಿ 1149 ಎಂಬ ಸೂತ್ರಗ್ರಂಥ 1990ರ ಏಪ್ರಿಲ್ 1ರಂದೇ ಸಾರಿದೆ. ತಾರೀಖು ನೋಡಿ ನಕ್ಕವರಿಗೆ 2009ರಲ್ಲಿ ದಕ್ಷಿಣ ಆಫ್ರಿಕಾದ ವಿನ್‌ಸ್ಟನ್ ಎಂಬ ಪಾರಿವಾಳ ಉತ್ತರ ಕೊಟ್ಟಿತು. ಕಾಲಿಗೆ ಕಟ್ಟಿದ 4 ಗಿಗಾಬೈಟಿನ ಕಾರ್ಡು ಡರ್ಬನ್ ಮುಟ್ಟಿ ಕಂಪ್ಯೂಟರಿಗೆ ಇಳಿಯುವ ಹೊತ್ತಿಗೆ ಬ್ರಾಡ್‌ಬ್ಯಾಂಡು ಸಾಗಿಸಿದ್ದು ಶೇ. 4ರಷ್ಟು. ಹೊರೆ ಮತ್ತು ವಾಹನದ ಸಂಬಂಧ ಬೆಂಗಳೂರಿಗೂ ಹೊಸದಲ್ಲ: ಆಕಾಶಕ್ಕೆ ಹೋಗಬೇಕಾಗಿದ್ದ ಆ್ಯಪಲ್ ಉಪಗ್ರಹ 1981ರ ಉಡಾವಣೆಗೆ ಮೊದಲು ಪರೀಕ್ಷೆಗಾಗಿ ಏರಿದ್ದು ಎತ್ತಿನ ಗಾಡಿಯನ್ನು.

ಉಳಿದ ಆಕ್ಷೇಪಗಳು ಹಗುರ. ದಾರಿಯಲ್ಲಿ ಕಡಿತವಿಲ್ಲವೇ? ಇತ್ತು: 2023ರ ಮಾರ್ಚ್ 26ರಿಂದ ಅಕ್ಟೋಬರ್ 9ರವರೆಗೆ ಪ್ಯಾಕೆಟ್ಟುಗಳು ಕೆ.ಆರ್.ಪುರದಲ್ಲಿ ಇಳಿದು, ಬೈಯಪ್ಪನಹಳ್ಳಿಯವರೆಗೆ ರಸ್ತೆ ಹಿಡಿಯಬೇಕಿತ್ತು. ಈಗ ಮೆಜೆಸ್ಟಿಕ್‌ವರೆಗೆ ಒಂದೇ ರೈಲು. ಭದ್ರತೆ? ಫೈರ್‌ವಾಲ್ ನಿಲ್ದಾಣದ ಬಾಗಿಲಲ್ಲೇ ಇದೆ, ಚೀಲವನ್ನು ಎಕ್ಸ್‌ರೇಗೆ ಒಡ್ಡಿಯೇ ಒಳಗೆ ಬಿಡುತ್ತಾರೆ. 10 ಗಿಗಾಬಿಟ್ ತಂತಿ ಇದೇ ಕೆಲಸವನ್ನು 53 ನಿಮಿಷದಲ್ಲಿ ಮುಗಿಸುತ್ತದಲ್ಲವೇ ಎಂದರೆ, ಅದಕ್ಕೆ ಉತ್ತರ ಹತ್ತು ಮಂದಿ, ಹತ್ತು ಚೀಲ, ಅದೇ ರೈಲು. ಸಾಗಿದ ಮಾಲು ತಲುಪಿತೆಂದು ತಿಳಿಯುವುದು ಹೇಗೆ ಎಂಬುದೊಂದೇ ಸ್ವಲ್ಪ ತೊಡಕಿನ ಪ್ರಶ್ನೆ. ಫೋನು ಮಾಡಿ ಹೇಳುತ್ತಾರೆ. ಆ ಕರೆ ಬೈಟಿನ ಲೆಕ್ಕದಲ್ಲಿ ತೀರಾ ಹಗುರವಾದ್ದರಿಂದ ಪ್ರಸ್ತುತ ಮೀಮಾಂಸೆಯಲ್ಲಿ ಅದನ್ನು ಗಣನೆಗೆ ತೆಗೆದುಕೊಂಡಿಲ್ಲ.