ಕತ್ತದ ಹಗ್ಗ, ಕಾಲಿನ ಕಟ್ಟು

ದಸರೆ ಹತ್ತಿರ ಬಂತೆಂದರೆ ನಮ್ಮ ಅಮದಳ್ಳಿಯಲ್ಲಿ ಬೇಲಿ ಕಟ್ಟುವ ಕೆಲಸ ಶುರು. ನಾಲ್ಕು ತಿಂಗಳ ಮಳೆಗೆ ಗೂಟದ ಬುಡ ಕೊಳೆತಿರುತ್ತದೆ, ಗಳ ಜಾರಿರುತ್ತದೆ, ಹಳೆಯ ಕಟ್ಟಿಗೆ ಕೈ ಹಾಕಿದರೆ ನಾರು ಪುಡಿಪುಡಿಯಾಗಿ ಉದುರುತ್ತದೆ. ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಇರುವುದು ಇಂಥದೇ ಬೇಲಿ. ಆಚೆಗೆ ಒಬ್ಬ ಹಿರಿಯರು. ಹರೆಯದಲ್ಲಿ ರಂಪಣಿ ಬಲೆಯ ದೋಣಿ ನಡೆಸುವ ತಾಂಡೇಲರಾಗಿದ್ದವರು. ಈಚೆಗೆ ನಾನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ನಾನು ಇಂದಿಗೂ ಅಕ್ಕೋರೇ.

ಈ ಸಲ ಅವರು ಬೇಲಿ ಕಟ್ಟಲು ಸ್ಟೂಲು ತಂದು ಕೂತಿದ್ದರು. ಬಲಗಾಲಿಗೆ ಬ್ಯಾಂಡೇಜು.

"ಎಂತ ಆಯ್ತು ಅಣ್ಣ?"

"ತೋಟದ ಸಂಕ ದಾಟುವಾಗ ಕಾಲು ಹೊರಳಿತು ಅಕ್ಕೋರೆ. ಎಕ್ಸ್‌ರೇ ತೆಗೆದ್ರು. ಎಲುಬಿಗೆ ಏನೂ ಆಗ್ಲಿಲ್ಲ, ಮನೆಗೆ ಹೋಗಿ ಅಂದ್ರು. ಏನೂ ಆಗದಿದ್ರೆ ಹದಿನೈದು ದಿನದಿಂದ ನೆಲಕ್ಕೆ ಊರಲಿಕ್ಕೆ ಯಾಕೆ ಆಗೂದಿಲ್ಲ? ನರ ತಪ್ಪಿರಬೇಕು."

ನನಗೆ ಆ ಮಾತು ಕೇಳಿ ನೋವಾಯಿತು. ಎಲುಬು ಮುರಿದರೆ ಊರೆಲ್ಲ ಬಂದು ಮಾತಾಡಿಸುತ್ತದೆ. ಎಲುಬುಗಳನ್ನು ಬಿಗಿದ ಕಟ್ಟು ಹರಿದರೆ 'ಏನೂ ಆಗಿಲ್ಲ'. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ ಎಂಬುದೊಂದೇ ಅದು ಮಾಡಿದ ತಪ್ಪು. ನಮ್ಮ ಮಾತಿನಲ್ಲಿ ಅದಕ್ಕೊಂದು ಸ್ವಂತ ಹೆಸರೂ ಉಳಿದಿಲ್ಲ. ರಕ್ತನಾಳವೂ ನರ, ಮೆದುಳಿಗೆ ಸುದ್ದಿ ಒಯ್ಯುವುದೂ ನರ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹುರಿಯೂ ನರ, ಎಲುಬಿಗೆ ಎಲುಬನ್ನು ಬಿಗಿದ ಪಟ್ಟಿಯೂ ನರ. ಪಠ್ಯಪುಸ್ತಕ ಈ ಹುರಿ, ಪಟ್ಟಿಗಳ ಕುಲಕ್ಕೆಲ್ಲ ಸಂಯೋಜಕ ಅಂಗಾಂಶ ಎಂದು ಹೆಸರಿಟ್ಟಿದೆ. ನಾನು ವರ್ಷವರ್ಷವೂ ಅದನ್ನು ಕರಿಹಲಗೆಯ ಮೇಲೆ ಬರೆದೆ, ಮಕ್ಕಳು ಬಾಯಿಪಾಠ ಮಾಡಿದರು. ಯಾರ ಕಾಲು ಹೊರಳಿದಾಗಲೂ ಆ ಹೆಸರು ಯಾರಿಗೂ ನೆನಪಾಗಲಿಲ್ಲ.

"ಅಣ್ಣ, ನೀವು ಹೊಲಿಗೆ ದೋಣಿ ನೋಡಿದವರು ಅಲ್ಲವೆ?" ಎಂದೆ.

ಅವರ ಮುಖ ಅರಳಿತು. "ನೋಡೂದೆಂತ, ಹೊಲಿದಿದ್ದೇನೆ." ಮೊಳೆ ಇಲ್ಲದ ದೋಣಿ. ಹಲಗೆಯ ಅಂಚಿಗೆ ಸಾಲಾಗಿ ತೂತು ಕೊರೆದು, ಎರಡು ಹಲಗೆ ಸೇರುವ ಸಂದಿಗೆ ನಾರು ಒತ್ತಿ, ಕತ್ತದ ಹುರಿಯಿಂದ ಹೊಲಿಯುವುದು. ಒಬ್ಬ ದೋಣಿಯ ಒಳಗೆ, ಇನ್ನೊಬ್ಬ ಹೊರಗೆ. ಒಳಗಿನವ ಹುರಿ ತೂರಿಸುತ್ತಾನೆ, ಹೊರಗಿನವ ಜಗ್ಗಿ ಹಿಡಿಯುತ್ತಾನೆ. ದಡದ ಮರಳಿಗೆ ಬಡಿದಾಗ ಮೊಳೆ ಹೊಡೆದ ದೋಣಿಯ ಹಲಗೆ ಸೀಳುತ್ತದೆ. ಹೊಲಿದ ದೋಣಿ ಕೊಂಚ ಬಾಗಿ ಪೆಟ್ಟು ನುಂಗುತ್ತದೆ. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿಯಬೇಕು. "ಹಲಗೆ ಅಜ್ಜನ ಕಾಲದ್ದು ಇರ್ತದೆ, ಹುರಿ ಮಾತ್ರ ಹೊಸದು" ಎಂದರು.

ಸುಶ್ರುತ ಹೇಳಿದ್ದೂ ಇದನ್ನೇ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಸ್ನಾಯುಗಳ, ಅಂದರೆ ಈ ಕಟ್ಟುಗಳ, ಲೆಕ್ಕ ಬರುತ್ತದೆ: ಕೈಕಾಲುಗಳಲ್ಲಿ 600, ನಡುದೇಹದಲ್ಲಿ 230, ಕುತ್ತಿಗೆ ಮತ್ತು ಅದರ ಮೇಲೆ 70, ಒಟ್ಟು 900. ಹಲಗೆ ಜೋಡಿಸಿ ಹಲವು ಬಂಧನಗಳಿಂದ ಕಟ್ಟಿದ ನಾವೆ ನೀರಿನ ಮೇಲೆ ಹೇಗೆ ಭಾರ ಹೊರುತ್ತದೆಯೋ, ಹಾಗೆಯೇ ಸ್ನಾಯುಗಳಿಂದ ಕಟ್ಟಿದ ಸಂದುಗಳಿಂದಾಗಿ ಮನುಷ್ಯ ಭಾರ ಹೊರುತ್ತಾನೆ ಎನ್ನುತ್ತಾನೆ ಅವನು. ಎಲುಬು, ಮಾಂಸ, ಸಿರೆ, ಸಂದು ಇವು ಯಾವುವು ಕೆಟ್ಟರೂ ಸ್ನಾಯು ಕೆಟ್ಟಷ್ಟು ಹಾನಿಯಿಲ್ಲ ಎಂದೂ ಸೇರಿಸುತ್ತಾನೆ. ಕವಲೊಡೆಯುವವು, ದುಂಡಗಿನವು, ಅಗಲವಾದವು, ಟೊಳ್ಳಾದವು ಎಂದು ನಾಲ್ಕು ಬಗೆ ಮಾಡುತ್ತಾನೆ. ಇಷ್ಟು ಸ್ಪಷ್ಟವಾಗಿದ್ದ ಶಬ್ದವನ್ನು ನಾವು ಇಂದಿನ ಕನ್ನಡದಲ್ಲಿ ಮಾಂಸಖಂಡಕ್ಕೆ ಕೊಟ್ಟುಬಿಟ್ಟೆವು. ಕಟ್ಟಿಗೆ ಹೆಸರಿಲ್ಲದಂತಾಯಿತು. ನನಗಂತೂ ಇದು ದೊಡ್ಡ ನಷ್ಟವೆಂದೇ ಅನಿಸುತ್ತದೆ.

"ಹಂಗಾದ್ರೆ ನನ್ನ ಕಾಲಿನ ಹೊಲಿಗೆ ಬಿಟ್ಟಿದೆ ಅನ್ನಿ."

"ಹೂಂ. ಕಾಲಿನ ಹೊರಗಿಣ್ಣಿನ ಹತ್ತಿರದ ಪಟ್ಟಿ. ಕಾಲು ಒಳಕ್ಕೆ ಹೊರಳಿದಾಗ ಮೊದಲು ಹರಿಯುವುದು ಅದೇ."

ಅವರ ಕೈಯಲ್ಲಿ ಕತ್ತದ ಹಗ್ಗ ಇತ್ತು. ತುದಿ ಬಿಚ್ಚಿ ತೋರಿಸಿ ಎಂದೆ. ಮೂರು ಎಳೆ. ಒಂದೊಂದು ಎಳೆಯೂ ಒಂದು ದಿಕ್ಕಿಗೆ ತಿರುಚಿದ್ದು. ಮೂರನ್ನೂ ಸೇರಿಸಿ ಹೊಸೆದದ್ದು ಅದಕ್ಕೆ ಎದುರು ದಿಕ್ಕಿಗೆ. ಅದಕ್ಕೇ ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಮೈಯ ಕಟ್ಟಿನ ಹುರಿ ಕೊಲ್ಲಾಜೆನ್ ಎಂಬ ಪ್ರೋಟೀನು. ಅದರದ್ದೂ ಮೂರೇ ಎಳೆ. ಒಂದೊಂದು ಎಳೆ ಎಡಕ್ಕೆ ಸುತ್ತಿದ್ದು, ಮೂರೂ ಕೂಡಿ ಬಲಕ್ಕೆ ಹೊಸೆದುಕೊಂಡದ್ದು. ಕಣ್ಣಿಗೆ ಕಾಣದಷ್ಟು ಸಣ್ಣದರಲ್ಲಿ ನಮ್ಮ ಕರಾವಳಿಯ ಹಗ್ಗದ್ದೇ ಕ್ರಮ.

ಇದನ್ನು ಕಂಡುಕೊಂಡವರು ಜಿ. ಎನ್. ರಾಮಚಂದ್ರನ್. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಇಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದ ಈ ಹುಡುಗನನ್ನು ಸಿ. ವಿ. ರಾಮನ್ ತಮ್ಮ ವಿಭಾಗಕ್ಕೆ ಎಳೆದುಕೊಂಡರು. ಮುಂದೆ ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ ಕೂಡಿ ಕೊಲ್ಲಾಜೆನ್ನಿಗೆ ಎಕ್ಸ್‌ರೇ ಹಾಯಿಸಿ ಮೂಡಿದ ಚಿತ್ರಗಳನ್ನು ಓದಿ, 1954ರಲ್ಲಿ ಮೂರೆಳೆಯ ರಚನೆಯನ್ನು ಮುಂದಿಟ್ಟರು. ಮರುವರ್ಷ ಆ ಎಳೆಗಳ ಹೊಸೆತವನ್ನು ತಿದ್ದಿ ಬರೆದರು. ಪ್ರತಿ ಮೂರನೆಯ ಕೊಂಡಿಯೂ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲವೇ ಆಗಿರಬೇಕು. ಅದು ಹಗ್ಗದ ಒಳಮೈಗೆ ಬರುತ್ತದೆ, ದೊಡ್ಡದು ಬಂದರೆ ಅಲ್ಲಿ ಜಾಗವಿಲ್ಲ. ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು 1971ರಲ್ಲಿ ಅದೇ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು. ಎಲುಬು ಮುರಿದಿಲ್ಲವೆಂದು ತೋರಿಸಿ ಸುಮ್ಮನಾಗುವ ಆ ಎಕ್ಸ್‌ರೇಯೇ, ಹಗ್ಗ ಹೊಸೆದ ಬಗೆಯನ್ನು ಅವರಿಗೆ ಹೇಳಿತ್ತು.

ತಾಂಡೇಲರು ಹಗ್ಗದ ತುದಿಯನ್ನು ಮತ್ತೆ ಹೊಸೆಯುತ್ತ, "ಇದೆಲ್ಲ ಕಾಲಿನಲ್ಲಿ ಮಾತ್ರವೊ?" ಎಂದರು.

ಎಲ್ಲಿ ಇಲ್ಲ ಎಂದು ಕೇಳಬೇಕು. ಮೈಯಲ್ಲಿರುವ ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಲ್ಲಾಜೆನ್ನೇ. ಕೋಳಿಯ ಚರ್ಮ ಎಳೆಯುವಾಗ ಚರ್ಮಕ್ಕೂ ಮಾಂಸಕ್ಕೂ ನಡುವೆ ಜೇಡರ ಬಲೆಯಂಥ ಬಿಳಿ ಪೊರೆ ಕಾಣುತ್ತದಲ್ಲ, ಅದು ಸಡಿಲ ಜಾತಿಯ ಕಟ್ಟು; ಬಲೆಯ ಕಣ್ಣಿನ ಹಾಗೆ, ನಡುವೆಲ್ಲ ನೀರು ತುಂಬಿದ ಲೋಳೆ. ಅದೇ ಎಳೆಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಮಲಗಿದರೆ ಹಿಮ್ಮಡಿಯ ಮೇಲಿನ ಹುರಿ. ಅಡ್ಡಾದಿಡ್ಡಿಯಾಗಿ ಹೆಣೆದರೆ ಚರ್ಮದ ಒಳಪದರ. ಹಾಲಕ್ಕಿಯವರ ಗುಮಟೆ ವಾದ್ಯಕ್ಕೆ ಬಿಗಿಯುವುದು ಈ ಪದರವನ್ನೇ. ಸುಗ್ಗಿಯ ಕುಣಿತಕ್ಕೆ ಮೊದಲು ಗುಮಟೆಯನ್ನು ಬೆಂಕಿಗೆ ಹಿಡಿದು ಬೆರಳಿನಿಂದ ಬಡಿದು ನೋಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ತಂಪು ಹೊತ್ತಿನಲ್ಲಿ ಎಳೆಗಳು ನೀರು ಹೀರಿ ಉಬ್ಬಿ ಸಡಿಲಾಗುತ್ತವೆ, ದನಿ ಸತ್ತಿರುತ್ತದೆ. ಬಿಸಿಗೆ ನೀರು ಆರಿತೋ, ಚರ್ಮ ಬಿಗಿದು ಟಣ್ಣೆನ್ನುತ್ತದೆ.

ಆ ಹೊತ್ತಿಗೆ ಅವರ ಸೊಸೆ ಹಿತ್ತಲ ಕಲ್ಲಿನ ಮೇಲೆ ಮರಿ ಮೋರಿ, ಅಂದರೆ ಶಾರ್ಕ್ ಮೀನು, ಕೊಯ್ಯುತ್ತಿದ್ದಳು. ಅವಳನ್ನು ಕರೆದು ಬೆನ್ನಿನ ಒಂದು ತುಂಡು ಕೊಡು ಎಂದೆ. ಬಂಗಡೆಯ ಮುಳ್ಳು ಗಂಟಲು ಚುಚ್ಚುತ್ತದೆ. ಮೋರಿಗೆ ಅಂಥ ಎಲುಬೇ ಇಲ್ಲ. ಉಗುರಿನಿಂದ ಒತ್ತಿದರೆ ಬೆಳ್ಳಗೆ, ನುಣ್ಣಗೆ, ಎಳೆ ತೆಂಗಿನ ಚಿಪ್ಪಿನ ಹಾಗೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ. ಮೃದ್ವಸ್ಥಿ. ಅಷ್ಟು ದೊಡ್ಡ ಸಮುದ್ರದಲ್ಲಿ ಅಷ್ಟು ಬಲದ ಮೀನು ಬದುಕುವುದು ಇದರ ಮೇಲೆ. ನಮ್ಮ ಮೂಗಿನ ತುದಿಯಲ್ಲಿ, ಎಲುಬುಗಳು ಕೂಡುವ ಮೊನೆಯಲ್ಲಿ ಇರುವುದು ಇದೇ. ಕಿವಿಯಲ್ಲಿರುವುದು ಇನ್ನೂ ಬಾಗುವ ಜಾತಿ, ಮಡಚಿ ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಇರುವ ಬಿಲ್ಲೆ ನಾರು ತುಂಬಿದ್ದು, ಭಾರ ಹೊರಲಿಕ್ಕೆ.

ಎಲುಬೂ ಇದೇ ಕುಲದ್ದು ಎಂದರೆ ಸೊಸೆ ನಂಬಲಿಲ್ಲ. ನಾನು ಶಾಲೆಯಲ್ಲಿ ಪ್ರತಿ ವರ್ಷ ಕೋಳಿಯ ಕಾಲಿನ ಎಲುಬನ್ನು ವಿನೆಗರಿನಲ್ಲಿ ಒಂದು ವಾರ ಹಾಕಿಡುತ್ತಿದ್ದೆ. ಸುಣ್ಣದ ಅಂಶವೆಲ್ಲ ಕರಗಿ ಹೋಗುತ್ತದೆ. ಆಮೇಲೆ ಹೊರಗೆ ತೆಗೆದರೆ ಎಲುಬಿನ ಆಕಾರ ಹಾಗೇ ಇರುತ್ತದೆ, ಆದರೆ ರಬ್ಬರಿನಂತೆ ಬಾಗುತ್ತದೆ; ಉಳಿದದ್ದು ಕೊಲ್ಲಾಜೆನ್. ಇನ್ನೊಂದನ್ನು ಒಲೆಯಲ್ಲಿ ಸುಟ್ಟು ತರುತ್ತಿದ್ದೆ. ಅದು ಬೆರಳಲ್ಲಿ ಒತ್ತಿದರೆ ಪುಡಿ. ಎರಡನ್ನೂ ಮೇಜಿನ ಮೇಲೆ ಇಟ್ಟಾಗ ಹಿಂದಿನ ಬೆಂಚಿನ ಮಕ್ಕಳೂ ಎದ್ದು ಬರುತ್ತಿದ್ದರು.

ಕೊಬ್ಬು ಈ ಮನೆಯದೇ, ರಕ್ತವೂ ಈ ಮನೆಯದೇ.

"ರಕ್ತ ಎಂತ ಕಟ್ಟುತ್ತದೆ ಅಕ್ಕೋರೆ, ಅದು ಹರಿಯೂದಲ್ಲವೊ?" ಎಂದರು ತಾಂಡೇಲರು. ಒಳ್ಳೆಯ ಪ್ರಶ್ನೆ. ರೂಪ ನೋಡಿದರೆ ನೆಂಟಸ್ತಿಕೆ ತಿಳಿಯುವುದಿಲ್ಲ, ಹುಟ್ಟು ನೋಡಬೇಕು. ಬಸುರಿಯ ಹೊಟ್ಟೆಯಲ್ಲಿ ಭ್ರೂಣಕ್ಕೆ ಮೂರನೆಯ ವಾರ ನಡೆಯುವಾಗ ಅದರಲ್ಲಿ ಮೂರು ಪದರ ಮೂಡುತ್ತವೆ. ಹೊರಪದರ ಮುಂದೆ ತೊಗಲಿನ ಮೇಲ್ಮೈ, ಮೆದುಳು, ನರಗಳಾಗುತ್ತದೆ. ಒಳಪದರ ಕರುಳಿನ ಒಳಮೈಯಾಗುತ್ತದೆ. ನಡುಪದರದಿಂದ ಮುಖ್ಯವಾಗಿ ಹೊರಟದ್ದು ಒಂದು ಅಲೆಮಾರಿ ಕೋಶಗಳ ಗುಂಪು. ಯಾವುದಕ್ಕೂ ಅಂಟಿಕೊಳ್ಳದೆ, ನಕ್ಷತ್ರದಂತೆ ಕೈಚಾಚಿಕೊಂಡು, ಲೋಳೆಯಲ್ಲಿ ತೇಲುತ್ತ, ಸಿಕ್ಕ ಸಂದಿಗೆಲ್ಲ ಹೋಗಿ ನೆಲೆಸುತ್ತವೆ. ನೆಲೆಸಿದಲ್ಲಿ ಕೆಲವು ನಾರು ನೂಲುತ್ತವೆ, ಕೆಲವು ಸುಣ್ಣ ಕೂಡಿಸುತ್ತವೆ, ಕೆಲವು ಕೊಬ್ಬು ಶೇಖರಿಸುತ್ತವೆ. ರಕ್ತಕ್ಕೂ ಬೇರು ನಡುಪದರದಲ್ಲೇ. ಮುಖದ ಎಲುಬು ಮಾತ್ರ ಬಹುಪಾಲು ಹೊರಪದರದ ಕಡೆಯಿಂದ ವಲಸೆ ಬಂದ ಕೋಶಗಳಿಂದ ಆದದ್ದು. ಆ ಮೊದಲ ಲೋಳೆ ಹೇಗಿರುತ್ತದೆ ಎಂದು ನೋಡಬೇಕೆಂದರೆ ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ನೋಡಬೇಕು. ನೀಲಿ ಬಿಳುಪಿನ ಜಾರು ಲೋಳೆ. ಒಳಗಿನ ರಕ್ತನಾಳ ನುಲಿದು ಮುಚ್ಚದಂತೆ ಕಾಯುವುದು ಅದೇ.

"ಹೊಕ್ಕುಳಬಳ್ಳಿ ನಾನು ಕೈಯಲ್ಲಿ ಹಿಡಿದಿದ್ದೇನೆ" ಎಂದಳು ಸೊಸೆ, ಕೋಯ್ತಾ ಕೆಳಗಿಟ್ಟು.

ತಾಂಡೇಲರ ಮನಸ್ಸು ಇನ್ನೂ ದೋಣಿಯಲ್ಲೇ ಇತ್ತು. ಹೊಲಿಗೆ ಬಿಟ್ಟ ದೋಣಿ ಮುಳುಗುತ್ತದೆ, ಹೊಲಿಗೆ ಬಿಟ್ಟ ಮನುಷ್ಯ ಏನಾಗುತ್ತಾನೆ ಎಂದರು. ಅದಕ್ಕೆ ಉತ್ತರ ನಮ್ಮ ಕಣ್ಣೆದುರಿಗೇ ಇದೆ. ಬಿಣಗಾ, ಅರ್ಗಾದ ಎದುರಿಗಿನ ಅಂಜದೀಪ ದ್ವೀಪ, ಈಗ ನೌಕಾನೆಲೆಯೊಳಗಿದೆ. 1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ತಂಗಿದ್ದು ಅಲ್ಲಿ. ಹಡಗನ್ನು ವಾಲಿಸಿ ತಳ ಕೆರೆದು ದುರಸ್ತಿ ಮಾಡಿಸಿದ, ಸಿಹಿನೀರು ತುಂಬಿಸಿದ, ಅಕ್ಟೋಬರ್ 5ಕ್ಕೆ ಹಾಯಿ ಬಿಚ್ಚಿದ. ಗಾಳಿ ಅನುಕೂಲವಾಗಲಿಲ್ಲ. ಅರಬ್ಬೀ ಸಮುದ್ರ ದಾಟಲು ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ಜನರ ವಸಡು ಉಬ್ಬಿ ಹಲ್ಲು ಮುಚ್ಚಿತು, ಕಾಲು ಬಾತವು. ಮೂವತ್ತು ಮಂದಿ ಸತ್ತರು. ಆಚೆ ದಡ ಕಾಣುವ ಹೊತ್ತಿಗೆ ಹಡಗಿಗೆ ಏಳೆಂಟು ಜನ ಮಾತ್ರ ಕೆಲಸ ಮಾಡುವ ಸ್ಥಿತಿಯಲ್ಲಿದ್ದರು. ಮೂರು ಹಡಗು ನಡೆಸಲು ಆಳು ಸಾಲದೆ ಒಂದನ್ನು ಸುಟ್ಟುಹಾಕಬೇಕಾಯಿತು. ಆಚೆ ದಡದ ಮಾಲಿಂದಿಯಲ್ಲಿ ರೋಗಿಗಳು ಬೇಡಿದ್ದು ಕಿತ್ತಳೆಹಣ್ಣು.

ಹಡಗಿನ ಸಂದು ಬಿಗಿಯಾಗಿತ್ತು. ಬಿಚ್ಚಿದ್ದು ಒಳಗಿದ್ದವರ ಮೈಯ ಸಂದು. ಮೂರೆಳೆಯ ಹೊಸೆತ ಮೈಯ ಬಿಸಿಗೆ ಬಿಚ್ಚದೆ ನಿಲ್ಲಬೇಕಾದರೆ ಸಿ ಜೀವಸತ್ವ ಬೇಕು. ತಿಂಗಳುಗಟ್ಟಲೆ ಹಸಿ ಹಣ್ಣು, ಸೊಪ್ಪು ಇಲ್ಲದೆ ಹೋದರೆ ಮೈ ನೂಲುವ ಹೊಸ ಹುರಿ ಕಳಪೆ. ವರ್ಷಗಳ ಹಿಂದೆ ಮಾಗಿದ ಗಾಯವೂ ಬಾಯಿಬಿಡುತ್ತದೆ. ಮಾಗಿದ ಗಾಯವೆಂದರೆ ಮುಗಿದುಹೋದ ಕೆಲಸ ಎಂದು ನಾವು ತಿಳಿದಿರುತ್ತೇವೆ. ಅಲ್ಲಿ ಹುರಿ ಸವೆಯುತ್ತಲೇ ಇರುತ್ತದೆ, ಮೈ ಮತ್ತೆ ಹೊಲಿಯುತ್ತಲೇ ಇರುತ್ತದೆ. ಈ ಸಂಗತಿ ಮೊದಲ ಬಾರಿ ಓದಿದಾಗ ನನ್ನ ಮೊಣಕೈಯ ಹಳೆಯ ಕಲೆಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ.

"ಅದಕ್ಕೇ ಹೇಳುವುದು ಅಣ್ಣ, ನಿಮ್ಮ ಹಿತ್ತಲಿನ ಪೇರಲೆ ಹಕ್ಕಿಗೆ ಬಿಡಬೇಡಿ. ನೆಲ್ಲಿಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಪೇಟೆಯಲ್ಲಿ ಕೊಲ್ಲಾಜೆನ್ ಪುಡಿ ಅಂತ ಡಬ್ಬಿ ಬಂದಿದೆ, ಮಗ ತಂದುಕೊಟ್ಟರೆ ಅದರ ಮೇಲೇ ನಂಬಿಕೆ ಇಡಬೇಡಿ. ಹೊಟ್ಟೆಗೆ ಹೋದ ಹಗ್ಗ ಬಿಚ್ಚಿ ಚೂರುಚೂರಾಗುತ್ತದೆ, ಮೈ ತನಗೆ ಬೇಕಾದಲ್ಲಿ ಬೇಕಾದ ಹಾಗೆ ಹೊಸೆಯುತ್ತದೆ. ಮತ್ತೆ, ಉಳುಕಿದ ದಿನವೇ ಬಿಸಿ ಎಣ್ಣೆ ಹಾಕಿ ಗಸಗಸ ತಿಕ್ಕಿಸಿದ್ದೀರಿ ಅಂತ ಕೇಳಿದೆ."

ಅವರು ಸೊಸೆಯ ಕಡೆ ನೋಡಿದರು.

"ಇನ್ನು ಹಾಗೆ ಮಾಡಿಸಬೇಡಿ. ಈ ಪಟ್ಟಿಗಳಲ್ಲಿ ರಕ್ತ ಓಡಾಡುವುದು ಕಡಿಮೆ, ಅದಕ್ಕೇ ನಿಧಾನ. ಹದಿನೈದು ದಿನವಾದರೂ ಕಾಲು ಊರಲಾಗದಿದ್ದರೆ ಎಲುಬಿನ ಡಾಕ್ಟರಿಗೆ ಮತ್ತೊಮ್ಮೆ ತೋರಿಸಬೇಕು, ಪೂರ್ತಿ ಹರಿದಿದೆಯೋ ಎಂದು ಅವರು ಕೈಯಲ್ಲಿ ಹಿಡಿದು ನೋಡಲಿ. ಹಾಗೆಂದು ತಿಂಗಳುಗಟ್ಟಲೆ ಹಾಸಿಗೆಯೂ ಬೇಡ. ಅವರು ಹೇಳಿದಷ್ಟು ದಿನ ಕಳೆದ ಮೇಲೆ ಸ್ವಲ್ಪಸ್ವಲ್ಪವೇ ಭಾರ ಹಾಕಬೇಕು. ಎಳೆತ ಬಿದ್ದ ದಿಕ್ಕಿಗೇ ಹೊಸ ನಾರು ಸಾಲಾಗುತ್ತದೆ."

"ಹೊಸ ಹಗ್ಗಕ್ಕೆ ಭಾರ ಕಟ್ಟಿ ಹದ ಮಾಡೂದಿಲ್ಲವೊ, ಹಂಗೆ" ಎಂದರು ಅವರು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹಿಡಿದುಬಿಟ್ಟಿದ್ದರು.

ಬಿಸಿಲು ಏರಿತ್ತು. ಇನ್ನೂ ಎರಡು ಗೂಟ ಉಳಿದಿದ್ದವು. ಕಾಲನ್ನು ಎರಡು ಕೈಯಿಂದ ಎತ್ತಿ ಇನ್ನೊಂದು ಕಲ್ಲಿನ ಮೇಲೆ ಇಟ್ಟುಕೊಂಡು, ಗಳವನ್ನು ಗೂಟಕ್ಕೆ ಒತ್ತಿ ಹಿಡಿದು, ಹಗ್ಗದ ತುದಿಯನ್ನು ಸಂದಿಯಿಂದ ನನ್ನ ಕಡೆಗೆ ತೂರಿಸಿದರು.

"ಜಗ್ಗಿ ಹಿಡೀರಿ ಅಕ್ಕೋರೆ. ಪೂರಾ ಬಿಗಿ ಬೇಡ, ಗಾಳಿಗೆ ಅಲ್ಲಾಡಲಿಕ್ಕೆ ಬೆರಳಷ್ಟು ಬಿಡಿ."