ಆಲ್ನಿಕೊ ರಾಯರು

ನಮ್ಮ ಬೀದಿಯ ರಾಯರ ಹಾಲ್‌ನಲ್ಲಿ ಮೊದಲು ಕಾಣುವುದು ರಾಯರಲ್ಲ, ಎದೆಯೆತ್ತರದ ಎರಡು ಮರದ ಪೆಟ್ಟಿಗೆಗಳು. ಒಂದೊಂದರ ಹೊಟ್ಟೆಯಲ್ಲೂ 15 ಇಂಚಿನ ಕಾಗದದ ಸ್ಪೀಕರ್ ಕೋನ್. ಇವು ಒಳಗೆ ಬಂದ ದಿನ ಸೋಫಾ ವರಾಂಡಕ್ಕೆ ಹೋಯಿತು. ಅತಿಥಿಗಳೂ ಅದರ ಹಿಂದೆಯೇ ಹೋದರು.

ಇಂಥ ರಾಯರು ಊರಿಗೊಬ್ಬರಿರುತ್ತಾರೆ. ಗುರುತು ಹಿಡಿಯುವುದು ಸುಲಭ. ಮದುವೆಮನೆಯಲ್ಲಿ ವಧೂವರರ ಮುಖಕ್ಕಿಂತ ಮೊದಲು ಸ್ಪೀಕರಿನ ಬೆನ್ನು ನೋಡುತ್ತಾರೆ. ಗೃಹಪ್ರವೇಶಕ್ಕೆ ಬಂದರೆ ನಡುಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಪರೀಕ್ಷಿಸುತ್ತಾರೆ. ಮನೆಯವರು ಅದನ್ನು ಮೆಚ್ಚುಗೆ ಎಂದುಕೊಂಡು ಕೈಮುಗಿಯುತ್ತಾರೆ.

ನಮ್ಮ ರಾಯರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ನಾಮ ಆಲ್ನಿಕೊ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಅಯಸ್ಕಾಂತ ಅದು. 1978ರಲ್ಲಿ ಆಫ್ರಿಕಾದ ಜೈರೆ ದೇಶದ ಗಣಿನಾಡಿನಲ್ಲಿ ಕಾಳಗ ನಡೆದು ಕೋಬಾಲ್ಟ್ ಬೆಲೆ ಗಗನಕ್ಕೇರಿತು. ಸ್ಪೀಕರ್ ಮಾಡುವವರು ಅಗ್ಗದ ಫೆರೈಟ್ ಅಯಸ್ಕಾಂತದತ್ತ ತಿರುಗಿದರು. ರಾಯರು ಈ ಕಥೆಯನ್ನು ಸ್ವಂತ ಸೋದರಮಾವ ತೀರಿಕೊಂಡಂತೆ ಹೇಳುತ್ತಾರೆ. "ಆಮೇಲೆ ಬಂದದ್ದೆಲ್ಲ ಡಬ್ಬಾ ಸ್ವಾಮಿ!"

ಆ ಡಬ್ಬಾಗಳಲ್ಲಿ ಒಂದು ಜೋಡಿ ಅವರ ಮನೆಯಲ್ಲೇ ಇದೆ, ಅಳಿಯ ತಂದುಕೊಟ್ಟದ್ದು. ಕೈಯಲ್ಲಿ ಎತ್ತಿಕೊಳ್ಳಬಹುದಾದಷ್ಟು ಪುಟಾಣಿ. ರಾಯರು ಅದನ್ನು ಇಟ್ಟುಕೊಂಡಿರುವುದೇ ಬಂದವರೆದುರು ಸೋಲಿಸುವುದಕ್ಕೆ. ಭೀಮಸೇನ ಜೋಶಿಯವರು ಹಾಡಿದ ಪುರಂದರದಾಸರ ಲಕ್ಷ್ಮಿಯ ಹಾಡು ಹಾಕುತ್ತಾರೆ. ತಂಬೂರಿ ಮಿಡಿಯುತ್ತಲೇ ಒಂದು ಸ್ವಿಚ್ ಒತ್ತಿ ಹೊಸದು, ಇನ್ನೊಂದು ಒತ್ತಿ ಹಳೆಯದು. "ಕೇಳಿಸ್ತಾ ವ್ಯತ್ಯಾಸ?" ಎಂದು ಸೂಜಿ ಎತ್ತಿಬಿಡುತ್ತಾರೆ. ಆ ಹಾಲ್‌ಗೆ ಲಕ್ಷ್ಮಿ ಪೂರ್ತಿ ಬಂದದ್ದನ್ನು ನಾನಂತೂ ಕೇಳಿಲ್ಲ. ಹೋದದ್ದರ ಲೆಕ್ಕ ಮಾತ್ರ ಅವರ ಹೆಂಡತಿಯ ಹತ್ತಿರ ಪೈಸೆ ಸಮೇತ ಇದೆ. "ಹಳೇದೇ ಹಳೇದು ಬಿಡಿ" ಎಂದವರಿಗೆ ಕಾಫಿಯ ಜೊತೆ ಕೋಡುಬಳೆ. ಉಳಿದವರಿಗೆ ಬರೀ ಕಾಫಿ.

ನಾನು ವರ್ಷಗಟ್ಟಲೆ ಕೋಡುಬಳೆಯ ಪಕ್ಷದಲ್ಲಿದ್ದೆ. ಕೆಡಿಸಿದವಳು ಎಂಜಿನಿಯರಿಂಗ್ ಓದುವ ನನ್ನ ಮಗಳು. "ಅಂಕಲ್, ಸ್ವಿಚ್ ಬದಲಾಯಿಸ್ತೀರಿ, ವಾಲ್ಯೂಮ್ ಬದಲಾಯಿಸೋದೇ ಇಲ್ವಲ್ಲ?" ಎಂದಳು.

ಗುಟ್ಟು ಇದ್ದದ್ದೇ ಅಲ್ಲಿ. ಹಳೆಯ ಕಾಲದ ವಾಲ್ವ್ ಆಂಪ್ಲಿಫೈಯರುಗಳ ಶಕ್ತಿ ಕೆಲವೇ ವಾಟ್. ಅಷ್ಟರಲ್ಲೇ ಮನೆ ತುಂಬಬೇಕು. ಅದಕ್ಕೇ ಹಗುರ ಕೋನ್, ಬಲವಾದ ಅಯಸ್ಕಾಂತ, ಬೀರುವಿನಂಥ ಪೆಟ್ಟಿಗೆ. ಅಮೆರಿಕದ ಹಾಫ್‌ಮನ್ ಎಂಬಾತ ಇದಕ್ಕೊಂದು ನಿಯಮವನ್ನೇ ಕೊಟ್ಟ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಾಟ್‌ಗೆ ದೊಡ್ಡ ದನಿ, ಇವು ಮೂರರಲ್ಲಿ ಎರಡನ್ನಷ್ಟೇ ಕೇಳು. ಹೊಸ ಪುಟಾಣಿಗಳು ಮೊದಲೆರಡನ್ನು ಆರಿಸಿಕೊಂಡಿವೆ, ಆದ್ದರಿಂದ ವಾಟ್ ನುಂಗುತ್ತವೆ. 3 ಡೆಸಿಬೆಲ್ ಹಿಂದೆ ಬಿದ್ದರೆ ಸರಿದೂಗಿಸಲು ಎರಡರಷ್ಟು ಶಕ್ತಿ ಬೇಕು. 12 ಹಿಂದೆ ಬಿದ್ದರೆ 16ರಷ್ಟು. ವಾಲ್ಯೂಮ್ ಗುಂಡಿ ಮುಟ್ಟದೆ ಸ್ವಿಚ್ ಒತ್ತಿದರೆ ಹಳೆಯದು ಜೋರಾಗಿ ಕೇಳಲೇಬೇಕು. ಜೋರಾದದ್ದು ನಮ್ಮ ಕಿವಿಗೆ ಚೆಂದವೂ ಹೌದು.

ಮಗಳು ಫೋನಿನಲ್ಲಿ ಸದ್ದಳೆದು ಎರಡನ್ನೂ ಸಮ ಮಾಡಿದಳು. ರಾಯರ ಹೆಂಡತಿ, ಕೇಳುವ ಮೊದಲೇ, ಅಡ್ಡಕ್ಕೆ ಒಂದು ರೇಷ್ಮೆ ಸೀರೆ ತಂದು ಹಿಡಿದರು. ಮೂರು ಹಾಡು. ತಬಲಾ ಗುಡುಗಿದ ಹಾಡಿನಲ್ಲಿ ರಾಯರು ತಟ್ಟನೆ ಹಳೆಯದನ್ನು ಹಿಡಿದರು. ನನಗೂ ಅದೇ ಹಿತವೆನಿಸಿತು, ಏದುಸಿರಿಲ್ಲದ ಪೆಟ್ಟು. ಉಳಿದೆರಡರಲ್ಲಿ ಕಣ್ಣುಮುಚ್ಚಿ, ತಲೆದೂಗಿ, "ಆಹಾ, ಇದು ನೋಡಿ ಆಲ್ನಿಕೊ!" ಎಂದು ಬೆರಳು ತೋರಿಸಿದ್ದು ಅಳಿಯನ ಡಬ್ಬಾದ ಕಡೆಗೆ.

ಸೀರೆ ಇಳಿಯಿತು. ರಾಯರು ಅರೆಕ್ಷಣ ಸುಮ್ಮನಿದ್ದು ಹೇಳಿದರು: "ಸೀರೇದೇ ತಪ್ಪು. ರೇಷ್ಮೆ ತಾರಸ್ವರ ನುಂಗಿಬಿಡತ್ತೆ."

"ಎರಡರ ಮುಂದೂ ಇದ್ದದ್ದು ಅದೇ ಸೀರೆ ಅಲ್ವೇ?" ಎಂದರು ಹೆಂಡತಿ. ರಾಯರಿಗೆ ಕೇಳಿಸಲಿಲ್ಲ.

ನಿಜ ಹೇಳಬೇಕೆಂದರೆ ಜಗಳಕ್ಕೆ ಕಾರಣವೇ ಇಲ್ಲ. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲ್ಲಾಗ್ ತೋರಿಸಿದ ಸುರುಳಿ, ಅಯಸ್ಕಾಂತ, ಕೋನ್‌ಗಳ ಸಂಸಾರವೇ ಎರಡರೊಳಗೂ ನಡೆದಿದೆ. ಅಜ್ಜನಿಗೆ ಗಂಟಲು ದೊಡ್ಡದು, ಮೊಮ್ಮಗನಿಗೆ ಉಚ್ಚಾರ ಶುದ್ಧ.

ನಿಮ್ಮ ಊರಿನ ರಾಯರೂ ಒಂದು ದಿನ ಕರೆದಾರು. ಹೋಗಿ. ವಾಲ್ಯೂಮ್ ಸಮ ಮಾಡಿಸಿ, ಹಾಡು ಕೊನೆಯವರೆಗೂ ಹಾಕಿಸಿ. ತೀರ್ಪನ್ನು ಮಾತ್ರ ಕೋಡುಬಳೆ ತಿಂದ ಮೇಲೆ ಹೇಳಿ.