ಮಾಲ್ಟಾದಲ್ಲಿ ಬಾಮೈದರು: ಚಿಂತಾಮಣಿ ಸೀಮೆಯ ಯುದ್ಧನೀತಿಯ ಮೇಲೊಂದು ಸಂಶೋಧನ ಪ್ರಬಂಧ

1878ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಸುಮಾರು 7,000 ಭಾರತೀಯ ಸಿಪಾಯಿಗಳನ್ನು ಬೊಂಬಾಯಿಯಲ್ಲಿ ಹಡಗು ಹತ್ತಿಸಿ, ಸೂಯೆಜ್ ಕಾಲುವೆ ದಾಟಿಸಿ, ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಕರೆಸಿಕೊಂಡ. ರಷ್ಯಾ ಆಗ ತುರ್ಕರನ್ನು ಸೋಲಿಸಿ ಕಾನ್‌ಸ್ಟಾಂಟಿನೋಪಲ್‌ನ ಹೊಸ್ತಿಲಲ್ಲಿ ಕೂತಿತ್ತು. ಮಾರ್ಚ್ 3ರಂದು ಸಾನ್ ಸ್ಟೆಫಾನೊದಲ್ಲಿ ತನಗೆ ಬೇಕಾದಂತೆ ಒಪ್ಪಂದ ಬರೆಸಿಕೊಂಡಿತ್ತು. ಸಿಪಾಯಿಗಳು ಮಾಲ್ಟಾದಲ್ಲಿ ಇಳಿದರು, ಕವಾಯತು ಮಾಡಿದರು, ಯಾರ ಮೇಲೂ ಒಂದು ಗುಂಡು ಹಾರಿಸಲಿಲ್ಲ. ಜೂನ್ 13ಕ್ಕೆ ಬರ್ಲಿನ್ನಿನಲ್ಲಿ ಪಂಚಾಯ್ತಿ ಸೇರಿತು, ತಿಂಗಳೊಳಗೆ ರಾಜಿಯಾಯಿತು. ಇತಿಹಾಸಕಾರರು ಇದನ್ನು ಡಿಸ್ರೇಲಿಯ ಚಾಣಾಕ್ಷತನವೆಂದು ಬರೆದಿದ್ದಾರೆ. ಈ ಪ್ರಬಂಧದ ಪ್ರತಿಜ್ಞೆ ಬೇರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಅನಾದಿಯಿಂದ ಬಳಕೆಯಲ್ಲಿರುವ ಬಾಮೈದ ಸಿದ್ಧಾಂತವನ್ನು ಆತ ಋಣಸ್ವೀಕಾರವಿಲ್ಲದೆ ಎತ್ತಿಕೊಂಡ. ಇದು ಶುದ್ಧ ಕೃತಿಚೌರ್ಯ.

ಸಿದ್ಧಾಂತವನ್ನು ಅರಿಯದವರಿಗಾಗಿ ಅದರ ಲಕ್ಷಣವನ್ನು ವಿವರಿಸಬೇಕು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಅಕ್ಕಪಕ್ಕದವರಿಗೆ ತಕರಾರು ಹುಟ್ಟಿದೆ ಎನ್ನೋಣ. ಮಾತು ಮುಗಿದಿದೆ, ಬೈಗುಳವೂ ಮುಗಿದಿದೆ. ಆಗ ಒಬ್ಬ ಹೆಂಡತಿಯ ತವರಿಗೆ ಹೇಳಿಕಳಿಸುತ್ತಾನೆ. ಮರುದಿನ ಬೆಳಿಗ್ಗೆ ಒಂದು ಟೆಂಪೊ ಬಂದು ನಿಲ್ಲುತ್ತದೆ. ಅದರಿಂದ ಬಾಮೈದ, ಬಾಮೈದನ ಷಡ್ಡಕ, ಷಡ್ಡಕನ ಗೆಳೆಯರು ಇಳಿದು, ಪಂಚೆ ಕೊಡವಿ, ಎತ್ತಿ ಕಟ್ಟಿ, ತಕರಾರಿನ ಬದುವಿನ ಕಡೆಗೆ ತಪ್ಪಿಯೂ ನೋಡದೆ ಜಗಲಿಯಲ್ಲಿ ಕೂರುತ್ತಾರೆ. ಎದುರು ಪಕ್ಷದವನು ಕೇಳಿದರೆ, "ಏನಿಲ್ಲಣ್ಣ, ಅಕ್ಕನ್ನ ನೋಡ್ಕೊಂಡು ಹೋಗಾನ ಅಂತ ಹಂಗೇ ಬಂದ್ವಿ" ಎನ್ನುತ್ತಾರೆ. ಎದುರಿನವನು ತಲೆ ಎಣಿಸುತ್ತಾನೆ. ಇವರು ಮುದ್ದೆ, ಅವರೆಕಾಳಿನ ಸಾರು ಉಂಡು ಮಲಗುತ್ತಾರೆ. ಸಂಜೆಯ ಹೊತ್ತಿಗೆ ಸರ್ವೆಯವರನ್ನು ಕರೆಸೋಣವೆಂಬ ಮಾತು ಎದುರು ಮನೆಯಿಂದಲೇ ಬರುತ್ತದೆ. ಸೂತ್ರ ಇಷ್ಟೆ: ಹೊರಗಿನಿಂದ ಬಂದ ಬಲವು ಹೊಡೆದಾಡುವುದಕ್ಕಲ್ಲ, ಎಣಿಸಿಕೊಳ್ಳುವುದಕ್ಕೆ. ಉಗಿಹಡಗು ಈ ಸೂತ್ರಕ್ಕೆ ಸೇರಿಸಿದ್ದು ಕೇವಲ ಕಲ್ಲಿದ್ದಲು.

ಡಿಸ್ರೇಲಿಗಿಂತ ಹಿಂದಿನ ಬ್ರಿಟಿಷರು ಇದೇ ವಿದ್ಯೆಯನ್ನು ಅರೆಬರೆ ಕಲಿತು ಪ್ರಯೋಗಿಸಿದ್ದಕ್ಕೂ ಆಧಾರವಿದೆ. 1861ರ ನವೆಂಬರ್‌ನಲ್ಲಿ ಅಮೆರಿಕದ ಯುದ್ಧನೌಕೆಯೊಂದು 'ಟ್ರೆಂಟ್' ಎಂಬ ಬ್ರಿಟಿಷ್ ಅಂಚೆ ಹಡಗನ್ನು ತಡೆದು, ಅದರಲ್ಲಿದ್ದ ದಕ್ಷಿಣದ ಬಂಡುಕೋರ ರಾಜ್ಯಗಳ ಇಬ್ಬರು ರಾಯಭಾರಿಗಳನ್ನು ಎಳೆದೊಯ್ದಿತು. ಲಂಡನ್ ಕೂಡಲೇ ಕೆನಡಾದ ಕಾವಲಿಗೆ ಸಾವಿರಾರು ಸೈನಿಕರನ್ನು ಉಗಿಹಡಗುಗಳಲ್ಲಿ ತುಂಬಿ ಕಳಿಸಿತು. ಡಿಸೆಂಬರ್‌ನಲ್ಲಿ ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟುತ್ತದೆಂಬುದು ಹೊರಟ ಮೇಲೆ ಎಲ್ಲರನ್ನೂ ಕಾಡಿತು. ಬಹಳಷ್ಟು ಮಂದಿ ಕರಾವಳಿಯಲ್ಲೇ ಇಳಿದು, ಹಿಮದ ಮೇಲೆ ಜಾರುಬಂಡಿಗಳಲ್ಲಿ ಒಳನಾಡಿಗೆ ಹೋಗಬೇಕಾಯಿತು. ಅಷ್ಟರಲ್ಲಿ, ಡಿಸೆಂಬರ್ 26ಕ್ಕೇ, ಅಮೆರಿಕ ರಾಯಭಾರಿಗಳನ್ನು ಬಿಟ್ಟುಬಿಡಲು ಒಪ್ಪಿಯಾಗಿತ್ತು. ದಂಡು ತಡವಾಗಿ ತಲುಪಿತೆಂದು ಸೇನಾಪಂಡಿತರು ಪೇಚಾಡುತ್ತಾರೆ. ಅದು ಅಜ್ಞಾನ. ಟೆಂಪೊ ಕೈವಾರ ಕ್ರಾಸ್ ದಾಟಿದೆ ಎಂಬ ಸುದ್ದಿ ಮುಟ್ಟಿದರೆ ಸಾಕು, ಟೆಂಪೊ ಮುಟ್ಟಬೇಕಿಲ್ಲ.

ಪೂರ್ವಪಕ್ಷದವರ ಮೊದಲ ಆಕ್ಷೇಪ: ಡಿಸ್ರೇಲಿ ಚಿಂತಾಮಣಿಗೆ ಬಂದಿರಲೇ ಇಲ್ಲ, ಸಿದ್ಧಾಂತ ಅವನಿಗೆ ಹೇಗೆ ದಕ್ಕಿತು? ಉತ್ತರ ನಂದಿಬೆಟ್ಟದಲ್ಲಿದೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಬೆಟ್ಟದ ಮೇಲೆ ಬೇಸಿಗೆ ಬಂಗಲೆಯಿತ್ತು. ಅಷ್ಟು ವರ್ಷ ಆ ಎತ್ತರದಿಂದ ನೋಡಿದವನ ಕಣ್ಣಿಗೆ ನಾಲ್ಕು ತಾಲ್ಲೂಕಿನ ಬದುಗಳೂ ಬಾಮೈದರೂ ಬೀಳದಿರಲು ಸಾಧ್ಯವೆ? 1861ರಲ್ಲಿ ಆತ ತಾಯ್ನಾಡಿಗೆ ಹೊರಟ, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಎಂಟು ವರ್ಷದ ಮೇಲೆ ಕಾಲುವೆ ತೆರೆದದ್ದು ಅದೇ ಸೂಯೆಜ್‌ನಲ್ಲಿ. 1875ರಲ್ಲಿ ಡಿಸ್ರೇಲಿ ಸುಮಾರು 40 ಲಕ್ಷ ಪೌಂಡ್ ಸುರಿದು ಈಜಿಪ್ಟಿನ ಖೆದಿವನಿಂದ ಆ ಕಾಲುವೆಯ ಷೇರುಗಳನ್ನು ಕೊಂಡ. ಅವನಿಗೆ ಬೇಕಿದ್ದದ್ದು ಕಾಲುವೆಯೋ, ಕಬ್ಬನ್ ಅಲ್ಲಿ ಬಿಟ್ಟುಹೋದ ಸಿದ್ಧಾಂತವೋ? ಎರಡನೆಯದು ಅಲ್ಲವೆನ್ನಲು ಯಾವ ದಾಖಲೆಯೂ ಇಲ್ಲ. ನಮ್ಮ ಸಂಶೋಧನ ಪರಂಪರೆಯಲ್ಲಿ ಇಷ್ಟು ಆಧಾರಕ್ಕೆ ಪಿಎಚ್.ಡಿ. ಸಿಕ್ಕಿರುವುದುಂಟು.

ಎರಡನೆಯ ಆಕ್ಷೇಪ ತುಸು ಗಟ್ಟಿ. ಮಾಲ್ಟಾಕ್ಕೆ ಹೋದವರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯವರಿದ್ದರು ನಿಜ. ಆದರೆ 'ತಂಬಿ'ಗಳೆಂದೇ ಹೆಸರಾದ ಆ ಪಡೆಯಲ್ಲಿ ಈ ನಾಲ್ಕು ತಾಲ್ಲೂಕಿನವರು ಎಷ್ಟು ಮಂದಿ? ಆಕ್ಷೇಪಿಸಿದವರು ತಿಳಿಯದೆಯೇ ನಮ್ಮ ಪಕ್ಷವನ್ನು ಸಾಧಿಸಿಕೊಟ್ಟಿದ್ದಾರೆ. ಬಾಮೈದ ಊರವನಾಗಿರಕೂಡದು, ಊರವನ ತಾಕತ್ತು ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ನಮ್ಮವರ ಗೈರುಹಾಜರಿಯೇ ಸಿದ್ಧಾಂತ ನಮ್ಮದೆಂಬುದಕ್ಕೆ ಪ್ರಮಾಣ. ಹೊರಡಬೇಕೆಂದರೂ ರೈಲಿರಲಿಲ್ಲ, ಚಿಕ್ಕಬಳ್ಳಾಪುರ ರೈಲು ಕಂಡದ್ದು 1915ರಲ್ಲಿ. ಇದಕ್ಕಿಂತ ದೊಡ್ಡ ಕಾರಣವೂ ಒಂದಿತ್ತು, ಅದನ್ನು ಅಣಕಿಸಲು ಬರುವುದಿಲ್ಲ. 1878 ಎಂದರೆ ಧಾತು-ಈಶ್ವರ ಸಂವತ್ಸರಗಳ ಬರದ ಬೆನ್ನಿನ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಒಳಗೆ ಇಳಿಯಿತು. ಮಾಲ್ಟಾಕ್ಕೆ 7,000 ಜನರನ್ನು ಅವರ ಅಕ್ಕಿಬೇಳೆ ಸಮೇತ ವಾರಗಳಲ್ಲಿ ಮುಟ್ಟಿಸಬಲ್ಲ ಸರ್ಕಾರಕ್ಕೆ ಮೈಸೂರಿನ ಹಳ್ಳಿಗೆ ಒಂದು ಮೂಟೆ ರಾಗಿ ಹೊತ್ತಿಗೆ ಮುಟ್ಟಿಸಲಾಗಲಿಲ್ಲ. ಹಸಿದವರನ್ನು ಎಣಿಸಲು ಎದುರು ಪಕ್ಷ ಇರಲಿಲ್ಲವಲ್ಲ.

ಮೂರನೆಯ ಆಕ್ಷೇಪ ಲಂಡನ್ನಿನ ಪಾರ್ಲಿಮೆಂಟಿನದೇ. ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ರಾಜ್ಯದೊಳಗೆ ಸೈನ್ಯ ಇಡುವಂತಿಲ್ಲ ಎಂದು 1689ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಡಿಸ್ರೇಲಿ ಈಸ್ಟರ್ ರಜೆಗೆ ಸಭೆ ಮುಗಿಯುವುದನ್ನೇ ಕಾದು, ಆಮೇಲೆ ಸುದ್ದಿ ಹೊರಬಿಟ್ಟ. ವಿರೋಧ ಪಕ್ಷ ಮೇ ತಿಂಗಳಲ್ಲಿ ರಂಪ ಮಾಡಿತು, ಮತದಲ್ಲಿ ಸೋತಿತು. ಹಿರಿಯರು ಸಂತೆಗೆ ಹೋದ ದಿನ ನೋಡಿ ಹೇಳಿಕಳಿಸುವುದು ನಮ್ಮಲ್ಲೂ ಉಂಟು. ಇದನ್ನು ಆಕ್ಷೇಪವೆಂದು ಪರಿಗಣಿಸಲು ನಾವು ಸಿದ್ಧರಿಲ್ಲ.

ಉಳಿದದ್ದು ಫಲಶ್ರುತಿ. ಕರೆಸಿದ ಬಾಮೈದ ಬರಿಗೈಲಿ ಹೋಗುವುದಿಲ್ಲ ಎಂಬುದು ಸಿದ್ಧಾಂತದ ಕೊನೆಯ, ಯಾರೂ ಬಾಯಿಬಿಟ್ಟು ಹೇಳದ ಅಧ್ಯಾಯ. ತುರ್ಕರ ನೆಲ ಉಳಿಸಲು ಬಂದ ಬ್ರಿಟನ್, ಬರ್ಲಿನ್ ಸಭೆಗೂ ಮೊದಲೇ, ಜೂನ್ 4ರಂದು ಗುಟ್ಟಾಗಿ ಅದೇ ತುರ್ಕರಿಂದ ಸೈಪ್ರಸ್ ದ್ವೀಪದ ಆಡಳಿತವನ್ನು ಬರೆಸಿಕೊಂಡಿತು. ಮಾಲ್ಟಾದಲ್ಲಿ ಮುದ್ದೆ ಸಿಗದೆ ಕೂತಿದ್ದ ಸಿಪಾಯಿಗಳನ್ನು ಜುಲೈನಲ್ಲಿ ಅಲ್ಲಿಗೇ ಸಾಗಿಸಿ ಇಳಿಸಲಾಯಿತು. ಸೈಪ್ರಸ್ 1960ರಲ್ಲಿ ಸ್ವತಂತ್ರವಾಯಿತು. ಆದರೂ ಅಕ್ರೋತಿರಿ, ಧೆಕೇಲಿಯ ಎಂಬ ಎರಡು ತುಂಡು ನೆಲದ ಪಹಣಿ ಇಂದಿಗೂ ಬಾಮೈದನ ಹೆಸರಿನಲ್ಲೇ ಇದೆ.